ಪಿಕಪ್ ಬಾಗಿಲ ಮೇಲೆ ಬಾಕ್ಸಿನ ಲೆಕ್ಕ ಬರೆಸಿ: ಕೋಲಾರ ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಅಧ್ಯಕ್ಷರು, ಕೋಲಾರ, ಇವರಿಗೆ

ವಿಷಯ: ಟೊಮೆಟೊ, ಮಾವು, ಕಲ್ಲು, ನೀರು ಸಾಗಿಸುವ ಪಿಕಪ್ ಗಾಡಿಗಳ ಲೋಡ್ ಮಿತಿ ಮತ್ತು ಎಳೆಯುವ ಮಿತಿಯ ಬಗ್ಗೆ

ಮಾನ್ಯರೇ,

ಟೊಮೆಟೊ ಸೀಸನ್ನಿನಲ್ಲಿ ಒಂದು ದಿನ ಬೆಳಗಿನ ಜಾವ ಶ್ರೀನಿವಾಸಪುರ ರಸ್ತೆಯಲ್ಲೋ ಚಿಂತಾಮಣಿ ರಸ್ತೆಯಲ್ಲೋ ನಿಂತು ನೋಡಿ. ಕೋಲಾರದ ಎಪಿಎಂಸಿ ಮಾರುಕಟ್ಟೆ ಯಾರ್ಡಿಗೆ ಬರುವ ಎಷ್ಟೋ ಪಿಕಪ್‌ಗಳ ಹೆಡ್‌ಲೈಟ್ ರಸ್ತೆಗೆ ಬೀಳುವುದೇ ಇಲ್ಲ, ಹುಣಸೆ ಮರದ ಕೊಂಬೆಗೆ ಬೀಳುತ್ತದೆ. ಲೈಟ್ ಕೆಟ್ಟಿಲ್ಲ. ಗಾಡಿ ಹಿಂದೆ ಕುಸಿದು ಮೂತಿ ಮೇಲೆತ್ತಿದೆ. ಎದುರಿಗೆ ಬರುವ ಬೈಕಿನವನಿಗೆ ಕಣ್ಣು ಕತ್ತಲೆ, ಪಿಕಪ್ ಓಡಿಸುವವನಿಗೆ ಮುಂದಿನ ಗುಂಡಿ ಕತ್ತಲೆ.

ಇದು ಭಾರಕ್ಕೆ ಹಿಂದೆ ಕುಸಿದು ಕೂರುವ ಗಾಡಿಯ ಕಥೆ. ಇದಕ್ಕಿಂತ ಅಪಾಯದ್ದು ಇನ್ನೊಂದಿದೆ: ಎಷ್ಟು ಹೇರಿದರೂ ಕೂರದ ಗಾಡಿ. ಅದರ ಬಗ್ಗೆ ಕೆಳಗೆ ವಿವರವಾಗಿ ಬರೆದಿದ್ದೇವೆ. ಏಕೆಂದರೆ ತಪಾಸಣೆಯಲ್ಲಿ ಸಲೀಸಾಗಿ ಪಾರಾಗುವುದು ಅದೇ.

ಈ ಪತ್ರ ಬರೆಯುತ್ತಿರುವವರು ಪಿಕಪ್ ಓಡಿಸುವವರು ಮತ್ತು ಅವನ್ನು ರಿಪೇರಿ ಮಾಡುವವರು. ಓವರ್‌ಲೋಡ್‌ಗೆ ದಂಡ ಹಾಕಬೇಡಿ ಎಂದು ಕೇಳಲು ಬರೆಯುತ್ತಿಲ್ಲ. ಈಗ ನಡೆಯುವುದು ಕಣ್ಣಳತೆಯ ತಪಾಸಣೆ; ಕಣ್ಣಳತೆ ತಪ್ಪು ಗಾಡಿಯನ್ನು ಹಿಡಿಯುತ್ತದೆ, ಹಿಡಿಯಬೇಕಾದ್ದನ್ನು ಬಿಡುತ್ತದೆ. ನಮ್ಮ ತಕರಾರು ಇಷ್ಟೇ.

ರೇಷ್ಮೆ ಗೂಡು ತುಂಬಿದ ಪಿಕಪ್ಪು ನೋಡಲು ಆನೆಯಂತಿರುತ್ತದೆ, ತೂಕ ಏನೂ ಇರುವುದಿಲ್ಲ. ಅದನ್ನು ಕೈ ಅಡ್ಡ ಹಾಕಿ ನಿಲ್ಲಿಸುತ್ತಾರೆ. ಹಿಂದೆಯೇ ಬರುವ ಕಲ್ಲಿನ ಗಾಡಿ ಅರ್ಧ ಖಾಲಿಯಂತೆ ಕಾಣುತ್ತದೆ, ಹೋಗು ಅನ್ನುತ್ತಾರೆ. ಒಂದು ಘನ ಮೀಟರ್ ಗ್ರಾನೈಟ್ ಅಂದರೆ ಸುಮಾರು 2.7 ಟನ್. ಪಿಕಪ್ಪಿನ ಬಾಡಿ 2.7 ಮೀಟರ್ ಉದ್ದ, 1.7 ಮೀಟರ್ ಅಗಲ ಅಂದುಕೊಳ್ಳಿ. ಅದರಲ್ಲಿ ಗ್ರಾನೈಟ್ ಚಪ್ಪಡಿಯನ್ನು ಸಂದಿಲ್ಲದೆ ಬರೀ ಒಂದು ಅಡಿ ಎತ್ತರಕ್ಕೆ ಜೋಡಿಸಿದರೂ ಮೂರೂಮುಕ್ಕಾಲು ಟನ್ ಹತ್ತಿರ ಹೋಗುತ್ತದೆ. ನಮ್ಮಲ್ಲಿ ಸಿಗುವ ಅತಿ ಗಟ್ಟಿ ಪಿಕಪ್ಪಿಗೂ ಕಂಪನಿ ಕೊಟ್ಟಿರುವ ಮಿತಿ ಎರಡು ಟನ್ನಿನ ಆಸುಪಾಸು. ಪಕ್ಕದ ಹಲಗೆಯ ಮೇಲಂಚಿಗೂ ಮುಟ್ಟದ ಲೋಡು ಗಾಡಿಯನ್ನು ಮಿತಿಯ ಎರಡು ಪಟ್ಟಿನ ಹತ್ತಿರಕ್ಕೆ ಒಯ್ದಿರುತ್ತದೆ.

ಇನ್ನು ಮಿತಿ ಅಂದರೆ ಏನು ಎಂಬುದರಲ್ಲೇ ಗೊಂದಲ. ಶೋರೂಮಿನವರು "ಒಂದೂ ಮುನ್ನೂರು", "ಒಂದೂ ಏಳುನೂರು", "ಎರಡು ಟನ್" ಎಂದು ಹೇಳಿ ಮಾರುತ್ತಾರೆ. ರೈತರೂ ಮಂಡಿಯವರೂ ಅಷ್ಟೂ ತೂಕ ಮಾಲಿಗೆ ಎಂದುಕೊಳ್ಳುತ್ತಾರೆ. ಹಾಗಲ್ಲ. ಗಾಡಿಯ ನೋಂದಣಿ ಪತ್ರದಲ್ಲಿ, ಅಂದರೆ ಆರ್‌ಸಿಯಲ್ಲಿ, ಎರಡು ಅಂಕಿ ಇರುತ್ತವೆ: ಖಾಲಿ ಗಾಡಿಯ ತೂಕ ಮತ್ತು ಲೋಡ್ ಸೇರಿ ಒಟ್ಟು ತೂಕ. ಒಂದು ಗಾಡಿಗೆ ಖಾಲಿ ತೂಕ 1,690 ಕೆಜಿ, ಒಟ್ಟು ತೂಕ 2,990 ಕೆಜಿ ಇದೆ ಅನ್ನೋಣ. ವ್ಯತ್ಯಾಸ 1,300. ಗಾಡಿ ಮನೆಗೆ ಬಂದ ಮೇಲೆ ಹಲಗೆ ಎತ್ತರಿಸಲು ಕಬ್ಬಿಣದ ಗ್ರಿಲ್ ಬೆಸೆಯುತ್ತಾರೆ, ಮುಂದೆ ಗಾರ್ಡ್ ಹಾಕಿಸುತ್ತಾರೆ: ಅದು 80 ಕೆಜಿ ಹಿಡಿಯಿರಿ. ಡ್ರೈವರ್, ಜೊತೆಗೆ ರೈತ: 140. ಟಾರ್ಪಲ್, ಹಗ್ಗ, ಜ್ಯಾಕ್, ಒಂದೆರಡು ಕ್ಯಾನ್ ನೀರು: 30. ಈ 250 ಕಳೆದರೆ ಮಾಲಿಗೆ ಉಳಿಯುವುದು 1,050 ಕೆಜಿ.

ಇಲ್ಲಿ ಕೋಲಾರಕ್ಕೆ ಒಂದು ಅನುಕೂಲ ಇದೆ. ಸುಲಭದ ತಕ್ಕಡಿಯೊಂದು ನಮ್ಮಲ್ಲಿದೆ: ಬಾಕ್ಸು. ನಮ್ಮ ಮಾರುಕಟ್ಟೆಯಲ್ಲಿ ಟೊಮೆಟೊ ಹರಾಜಾಗುವುದು 15 ಕೆಜಿ ಬಾಕ್ಸಿನ ಲೆಕ್ಕದಲ್ಲಿ. ಖಾಲಿ ಕ್ರೇಟ್ ಒಂದೂವರೆಯಿಂದ ಎರಡು ಕೆಜಿ. ಬಾಕ್ಸಿಗೆ 17 ಕೆಜಿ ಅಂತಿಟ್ಟುಕೊಂಡರೆ ಮೇಲೆ ಹೇಳಿದ ಗಾಡಿಗೆ 61 ಬಾಕ್ಸ್. ಎರಡು ಟನ್ ಮಿತಿಯ ಗಾಡಿಗೆ ಇದೇ 250 ಕಳೆದು ಲೆಕ್ಕ ಹಾಕಿದರೆ 102. ಸಣ್ಣ ಗಾಡಿಯಲ್ಲಿ ಒಂದು ವರಸೆಗೆ 16 ಬಾಕ್ಸ್ ಕೂತರೆ ನಾಲ್ಕನೇ ವರಸೆ ತುಂಬಲು ಇನ್ನೂ ಮೂರು ಬಾಕ್ಸ್ ಬಾಕಿ ಇರುವಾಗಲೇ ಲೆಕ್ಕ ಮುಗಿಯಿತು. ರಸ್ತೆಯಲ್ಲಿ ಅಂಥ ಗಾಡಿಯ ಮೇಲೆ ಏಳನೇ ವರಸೆ, ಎಂಟನೇ ವರಸೆ ಎಣಿಸಬಹುದು. 130 ಬಾಕ್ಸ್ ಹೇರಿದರೆ ಮಾಲೇ 2,210 ಕೆಜಿ. ಅಂದರೆ ಮಿತಿಗಿಂತ 1,160 ಕೆಜಿ ಜಾಸ್ತಿ. ಇದನ್ನು ಕಂಡುಹಿಡಿಯಲು ಗಾಡಿ ತೂಗುವ ವೇಬ್ರಿಡ್ಜ್ ಬೇಕಿಲ್ಲ. ಬೆರಳೆಣಿಕೆ ಬಂದರೆ ಸಾಕು.

ಹಾಗಾದರೆ ಹೇರುವುದೇಕೆ? ಬಾಡಿಗೆ ಗೊತ್ತು ಮಾಡುವುದು ಬಾಕ್ಸಿಗೆ ಇಷ್ಟು ಅಂತ. ಟ್ರಿಪ್ಪಿಗೆ ಡೀಸೆಲ್ ಎಷ್ಟು ಖರ್ಚಾದರೂ 60 ಬಾಕ್ಸಿಗೆ 60ರ ದುಡ್ಡು, 130ಕ್ಕೆ 130ರ ದುಡ್ಡು. ಗಾಡಿಯ ಕಂತು ಕಟ್ಟುವವನು ಯಾವುದನ್ನು ಆರಿಸುತ್ತಾನೆ ಎಂದು ಬೇರೆ ಹೇಳಬೇಕೆ? ರೇಟು ಬಿದ್ದಾಗ ಎರಡನೇ ಟ್ರಿಪ್ಪಿನ ಬಾಡಿಗೆ ಹುಟ್ಟುವುದಿಲ್ಲ ಎಂದು ರೈತ ಒಂದೇ ಗಾಡಿಗೆ ತುರುಕುತ್ತಾನೆ. ರೇಟು ಎದ್ದಾಗ, 2023ರ ಜುಲೈನಲ್ಲಿ ಬಾಕ್ಸಿಗೆ ಎರಡು ಸಾವಿರ ದಾಟಿತ್ತಲ್ಲ, ಅಂಥ ಹೊತ್ತಿನಲ್ಲಿ ಒಂದು ಬಾಕ್ಸನ್ನೂ ತೋಟದಲ್ಲಿ ಬಿಟ್ಟು ಬರಲು ಯಾರಿಗೂ ಮನಸ್ಸಾಗುವುದಿಲ್ಲ. ಬಿದ್ದರೂ ಓವರ್‌ಲೋಡ್, ಎದ್ದರೂ ಓವರ್‌ಲೋಡ್.

ಈಗ ಕೂರದ ಗಾಡಿಗೆ ಬರೋಣ. ಹಿಂದಿನ ಚಕ್ರದ ಮೇಲೆ ಭಾರ ಹೊರುವುದು ಲೀಫ್ ಸ್ಪ್ರಿಂಗ್, ಗ್ಯಾರೇಜಿನಲ್ಲಿ ಬ್ಲೇಡ್ ಸೆಟ್ ಅನ್ನುತ್ತೇವೆ. ಹೊಸ ಗಾಡಿ ಬಂದ ವಾರದಲ್ಲೇ ಒಂದೊಂದು ಕಡೆಗೆ ಎರಡು, ಮೂರು ಬ್ಲೇಡ್ ಹೆಚ್ಚಿಗೆ ಹಾಕಿಸುವುದು ನಮ್ಮ ಕಡೆ ಪೂಜೆಯಷ್ಟೇ ಸಾಮಾನ್ಯ. ಈಗ ಲೋಡ್ ಹಾಕಿದರೆ ಗಾಡಿ ನೆಟ್ಟಗೆ ನಿಲ್ಲುತ್ತದೆ, ಮಾಲೀಕನಿಗೆ ಧೈರ್ಯ ಬರುತ್ತದೆ. ಆದರೆ ಬ್ಲೇಡ್ ಹೆಚ್ಚಿದ್ದರಿಂದ ಆಕ್ಸಲ್ (ಎರಡು ಚಕ್ರ ಕೂಡಿಸುವ ಅಚ್ಚು) ಗಟ್ಟಿಯಾಗಲಿಲ್ಲ, ಹಬ್ ಬೇರಿಂಗ್ ದೊಡ್ಡದಾಗಲಿಲ್ಲ, ಟೈರು ಬದಲಾಗಲಿಲ್ಲ, ಬ್ರೇಕ್ ಡ್ರಮ್ ಅದೇ. ಮೊದಲು ಕುಸಿದು "ಸಾಕು" ಅನ್ನುತ್ತಿದ್ದ ಒಂದೇ ಒಂದು ಭಾಗದ ಬಾಯಿ ಮುಚ್ಚಿಸಿದಂತಾಯಿತು.

ಅಷ್ಟೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಅನೇಕ ಪಿಕಪ್‌ಗಳಲ್ಲಿ ಹಿಂದಿನ ಬ್ರೇಕಿಗೆ ಲೋಡ್ ಸೆನ್ಸಿಂಗ್ ವಾಲ್ವ್ ಇರುತ್ತದೆ. ಚಾಸಿಗೆ (ಗಾಡಿಯ ತಳದ ಚೌಕಟ್ಟಿಗೆ) ವಾಲ್ವ್, ಅಲ್ಲಿಂದ ಆಕ್ಸಲ್‌ಗೆ ಒಂದು ಸಣ್ಣ ಸರಳು ಅಥವಾ ಸ್ಪ್ರಿಂಗ್. ಗಾಡಿ ಖಾಲಿ ಇದ್ದಾಗ ಚಾಸಿಗೂ ಆಕ್ಸಲ್‌ಗೂ ದೂರ ಜಾಸ್ತಿ. ವಾಲ್ವ್ ಹಿಂದಿನ ಚಕ್ರಕ್ಕೆ ಬ್ರೇಕ್ ಒತ್ತಡ ಕಡಿಮೆ ಬಿಡುತ್ತದೆ, ಇಲ್ಲದಿದ್ದರೆ ಹಗುರವಾದ ಹಿಂಭಾಗ ಲಾಕ್ ಆಗಿ ಗಾಡಿ ತಿರುಗಿಬಿಡುತ್ತದೆ. ಲೋಡ್ ಬಿದ್ದು ಗಾಡಿ ಕೂತಾಗ ದೂರ ಕಡಿಮೆಯಾಗಿ, ಸರಳು ತಳ್ಳಿ, ಪೂರಾ ಒತ್ತಡ ಬಿಡುತ್ತದೆ. ಈಗ ಹೆಚ್ಚಿನ ಬ್ಲೇಡ್ ಹಾಕಿದ ಗಾಡಿಯಲ್ಲಿ ಎರಡೂವರೆ ಟನ್ ಹೇರಿದರೂ ಗಾಡಿ ಹೆಚ್ಚು ಕೂರುವುದಿಲ್ಲ. ವಾಲ್ವಿನ ಲೆಕ್ಕದಲ್ಲಿ ಗಾಡಿ ಇನ್ನೂ ಖಾಲಿ! ಭಾರವೆಲ್ಲ ಹಿಂದಿನ ಚಕ್ರದ ಮೇಲಿರುವಾಗ ಬ್ರೇಕ್ ಹಿಡಿಯುವುದು ಬಹುಪಾಲು ಮುಂದಿನ ಚಕ್ರ. ಮುಂದಿನ ಡಿಸ್ಕ್ ಕಾದು ನೀಲಿಯಾಗುತ್ತದೆ, ಪ್ಯಾಡು ಸುಟ್ಟ ವಾಸನೆ ಬರುತ್ತದೆ, ಪೆಡಲ್ ಮೆತ್ತಗಾಗುತ್ತದೆ. "ಬ್ರೇಕ್ ಫೇಲ್ ಆಯ್ತು" ಎಂದು ವರದಿಯಾಗುವ ಗಾಡಿಗಳ ಕೆಳಗೆ ಮಲಗಿ ಒಮ್ಮೆ ಬ್ಲೇಡ್ ಎಣಿಸಿ ಎಂಬುದು ನಮ್ಮ ವಿನಂತಿ. ಕೆಲವು ಕಡೆ ಆ ಸರಳನ್ನು ತಂತಿಯಲ್ಲಿ ಎಳೆದು ಕಟ್ಟಿರುತ್ತಾರೆ. ಆಗ ತಿರುಗುಮುರುಗು: ಖಾಲಿ ವಾಪಸ್ ಬರುವಾಗ, ಮಳೆಯಲ್ಲಿ, ಹಿಂದಿನ ಚಕ್ರ ಲಾಕ್ ಆಗಿ ಗಾಡಿ ಅಡ್ಡ ನಿಲ್ಲುತ್ತದೆ.

ವೇಗದ ಮಾತು ಬೇರೆ. 2,990 ಕೆಜಿಯ ಗಾಡಿಯನ್ನು ಮೇಲೆ ಹೇಳಿದ ಹೆಚ್ಚಿನ 1,160 ಸೇರಿಸಿ 4,150ಕ್ಕೆ ಏರಿಸಿದರೆ ಬ್ರೇಕ್ ಕರಗಿಸಬೇಕಾದ ಶಕ್ತಿ ಅದೇ ವೇಗದಲ್ಲಿ ಸುಮಾರು ಶೇ 39 ಹೆಚ್ಚು. ರಾಷ್ಟ್ರೀಯ ಹೆದ್ದಾರಿ 75ಕ್ಕೆ ಹತ್ತಿದ ಮೇಲೆ 60ರ ಬದಲು 80ರಲ್ಲಿ ಹೋದರೆ ಅದು ಮತ್ತೆ 1.8 ಪಟ್ಟು. ಎರಡೂ ಸೇರಿ ಎರಡೂವರೆ ಪಟ್ಟು. ಡ್ರಮ್ಮು, ಡಿಸ್ಕು ಮಾತ್ರ ಕಂಪನಿ ಕೊಟ್ಟಷ್ಟೇ.

ಟೈರಿನ ಪಕ್ಕದಲ್ಲಿ ಬರೆದಿರುವ ಅಂಕಿಯನ್ನು ಯಾರೂ ಓದುವುದಿಲ್ಲ. 106 ಎಂದಿದ್ದರೆ ಆ ಟೈರು ಹೊರುವುದು 950 ಕೆಜಿ, 112 ಎಂದಿದ್ದರೆ 1,120, 118 ಎಂದಿದ್ದರೆ 1,320. ಅದೂ ಸರಿಯಾದ ಗಾಳಿ ಇದ್ದಾಗ. ಹಿಂದೆ ಎರಡೇ ಟೈರು ಇರುವ ಪಿಕಪ್ಪಿಗೆ 106ರ ಟೈರು ಹಾಕಿದ್ದರೆ ಹಿಂದಿನ ಆಕ್ಸಲ್ ಮೇಲೆ 1,900 ಕೆಜಿಗಿಂತ ಒಂದು ಕೆಜಿಯೂ ಸಲ್ಲದು, ಮತ್ತು ಅದರಲ್ಲಿ ಗಾಡಿಯ ಸ್ವಂತ ಭಾರವೂ ಸೇರಿದೆ. ಗಾಳಿ ಹೆಚ್ಚಿಗೆ ತುಂಬಿಸಿದರೆ ಈ ಅಂಕಿ ಹೆಚ್ಚಾಗುವುದಿಲ್ಲ. ಬೇಸಿಗೆಯಲ್ಲಿ, ಶ್ರೀನಿವಾಸಪುರದ ಮಾವಿನ ಸೀಸನ್ನಿನಲ್ಲಿ, ಮಧ್ಯಾಹ್ನದ ಡಾಂಬರಿನ ಮೇಲೆ ಟೈರು ಸಿಡಿಯುವುದಕ್ಕೆ ಕಲ್ಲು ಮೊಳೆ ಬೇಕಿಲ್ಲ. ಸೆಮಿ ಫ್ಲೋಟಿಂಗ್ ಆಕ್ಸಲ್ ಇರುವ ಗಾಡಿಗಳಲ್ಲಿ ಇನ್ನೊಂದು ತೊಂದರೆ: ಚಕ್ರ ತಿರುಗಿಸುವ ಶಾಫ್ಟೇ ಭಾರವನ್ನೂ ಹೊರುತ್ತದೆ. ಬೇರಿಂಗ್ ಸವೆದು ಶಾಫ್ಟ್ ಮುರಿದರೆ ಚಕ್ರ ಶಾಫ್ಟ್ ಸಮೇತ ಹೊರಗೆ ಬರುತ್ತದೆ. ಮೊದಲು ಹಬ್ ಬಳಿ ಗ್ರೀಸ್ ಸೋರಿದ ಕಪ್ಪು ಕಲೆ, ಆಮೇಲೆ ಗುಂಯ್ ಎನ್ನುವ ಸದ್ದು. ಈ ಎರಡನ್ನು ಕೇಳಿಸಿಕೊಳ್ಳದವರಿಗೆ ಮೂರನೆಯದು ರಸ್ತೆಯಲ್ಲೇ ಗೊತ್ತಾಗುತ್ತದೆ.

ತೂಕ ಎಷ್ಟು ಎನ್ನುವಷ್ಟೇ ಮುಖ್ಯ ಅದು ಎಲ್ಲಿ ಕೂತಿದೆ ಎನ್ನುವುದು. ಹಿಂದಿನ ಡೋರ್ ಇಳಿಸಿ, ಸರಪಳಿಗೆ ಕಟ್ಟಿ, ಅದರ ಮೇಲೂ ಬಾಕ್ಸ್ ಇಡುತ್ತಾರೆ. ಬೋರ್‌ವೆಲ್ಲಿನ 20 ಅಡಿ ಪೈಪುಗಳನ್ನು ಒಂಬತ್ತು ಅಡಿ ಬಾಡಿಯಿಂದ ಹಿಂದಕ್ಕೆ ಚಾಚುತ್ತಾರೆ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಮೂರು ಮೀಟರ್ ಇರುವ ಗಾಡಿಯಲ್ಲಿ, ಹಿಂದಿನ ಆಕ್ಸಲ್‌ನಿಂದ ಒಂದು ಮೀಟರ್ ಆಚೆ 300 ಕೆಜಿ ಇಟ್ಟರೆ ಹಿಂದಿನ ಆಕ್ಸಲ್ ಮೇಲೆ ಬೀಳುವುದು 300 ಅಲ್ಲ, 400. ಆ ಹೆಚ್ಚಿನ 100 ಎಲ್ಲಿಂದ ಬಂತು? ಮುಂದಿನ ಚಕ್ರದಿಂದ ಎತ್ತಿಕೊಂಡದ್ದು. ಸನ್ನೆಗೋಲಿನ ಲೆಕ್ಕ. ಒಟ್ಟು ತೂಕ ಮಿತಿಯೊಳಗಿದ್ದರೂ ಸ್ಟೇರಿಂಗ್ ಹಗುರವಾಗುತ್ತದೆ, ತಿರುವಿನಲ್ಲಿ ಗಾಡಿ ಮಾತು ಕೇಳುವುದಿಲ್ಲ. ಆದ್ದರಿಂದ ಭಾರದ ಮಾಲು ಕ್ಯಾಬಿನ್ ಕಡೆಗೆ, ಆಕ್ಸಲ್‌ಗಿಂತ ಮುಂದೆ, ಹಗುರದ್ದು ಹಿಂದೆ. ಹಮಾಲರಿಗೆ ಇದು ಗೊತ್ತಿಲ್ಲವೆಂದಲ್ಲ. ಇಳಿಸುವಾಗ ಸುಲಭವಾಗಲಿ ಎಂದು ಮೊದಲಿಳಿಯುವ ಮಾಲನ್ನು ಹಿಂದೆ ಹಾಕುತ್ತಾರೆ.

ನೀರಿನ ಗಾಡಿಗಳ ಬಗ್ಗೆ ಎರಡೇ ಮಾತು. ಸಾವಿರ ಲೀಟರ್ ಅಂದರೆ ಸಾವಿರ ಕೆಜಿ. 1,300 ಕೆಜಿ ಮಿತಿಯ ಗಾಡಿಗೆ ಎರಡು ಸಾವಿರ ಲೀಟರಿನ ಟ್ಯಾಂಕ್ ಕೂರಿಸಿದ ದಿನವೇ ಅದು ಓವರ್‌ಲೋಡ್. ಅರ್ಧ ತುಂಬಿಸಿದರೆ ಒಳಗೆ ತಡೆ ಹಲಗೆ ಇಲ್ಲದ ಟ್ಯಾಂಕಿನಲ್ಲಿ ನೀರು ತುಳುಕಿ ಬ್ರೇಕ್ ಹಾಕಿದಾಗ ಮುಂದಕ್ಕೆ, ತಿರುಗಿಸಿದಾಗ ಪಕ್ಕಕ್ಕೆ ಗುದ್ದುತ್ತದೆ.

ಎಳೆಯುವ ವಿಷಯಕ್ಕೆ ಬಂದರೆ ನಮ್ಮ ಹುಡುಗರು ಮೊಬೈಲಿನಲ್ಲಿ ಅಮೆರಿಕದ ಪಿಕಪ್‌ಗಳನ್ನು ನೋಡಿ ಕೆಟ್ಟಿದ್ದಾರೆ. ಫೋರ್ಡ್ ಎಫ್-350 ತರಹದ ಗಾಡಿಗಳು ಹತ್ತು ಟನ್ನಿಗೂ ಹೆಚ್ಚಿನ ಟ್ರೈಲರ್ ಎಳೆಯುವುದು ನಿಜ. ಆದರೆ ಅಲ್ಲಿ ಗಾಡಿ ಮತ್ತು ಟ್ರೈಲರ್ ಎರಡೂ ಸೇರಿದ ಒಟ್ಟು ತೂಕಕ್ಕೆ ಕಂಪನಿ ಪ್ರತ್ಯೇಕ ಮಿತಿ ಕೊಟ್ಟಿರುತ್ತದೆ. ಅದರಿಂದ ಲೋಡ್ ಸಮೇತ ಗಾಡಿಯ ತೂಕ ಕಳೆದು ಉಳಿದದ್ದೇ ಎಳೆಯುವ ಮಿತಿ. ಗಾಡಿಯಲ್ಲಿ ಹೇರಿದಷ್ಟೂ ಎಳೆಯುವ ಮಿತಿ ಇಳಿಯುತ್ತದೆ. ಅಲ್ಲಿನ ಹೆಚ್ಚಿನ ರಾಜ್ಯಗಳಲ್ಲಿ 3,000 ಪೌಂಡ್, ಅಂದರೆ ಸುಮಾರು 1,360 ಕೆಜಿ ದಾಟಿದ ಟ್ರೈಲರಿಗೆ ಅದರದೇ ಬ್ರೇಕ್ ಕಡ್ಡಾಯ. ಟ್ರೈಲರಿನ ಮೂಗು ಕೊಂಡಿಯ ಮೇಲೆ ಒರಗುವ ಭಾರ ಟ್ರೈಲರಿನ ತೂಕದ ನೂರಕ್ಕೆ ಹತ್ತರಿಂದ ಹದಿನೈದು ಇರಬೇಕು ಎಂಬುದು ಅಲ್ಲಿನ ರೂಢಿ. ಕಡಿಮೆಯಾದರೆ ಟ್ರೈಲರ್ ಹಾವಿನಂತೆ ಆಡುತ್ತದೆ, ಹೆಚ್ಚಾದರೆ ಎಳೆಯುವ ಗಾಡಿಯ ಮೂತಿ ಏಳುತ್ತದೆ. ಆ ಮೂಗಿನ ಭಾರವೂ ಗಾಡಿಯ ಲೋಡಿನ ಲೆಕ್ಕಕ್ಕೇ ಸೇರುತ್ತದೆ.

ನಮ್ಮಲ್ಲಿ ಎಳೆಯುವುದು ಏನನ್ನು? ಮೋಲ್ಡಿಂಗ್ ಕೆಲಸಕ್ಕೆ ಹೋಗುವ ಹಾಪರ್ ಇರುವ ಕಾಂಕ್ರೀಟ್ ಮಿಕ್ಸರ್. ಒಂದು ಟನ್ ದಾಟುವ ಯಂತ್ರ, ಬ್ರೇಕ್ ಇಲ್ಲ, ಹಿಂದೆ ಲೈಟ್ ಇಲ್ಲ, ಸ್ಪ್ರಿಂಗ್ ಇಲ್ಲ. ಹಿಂದಿನ ಬಂಪರಿಗೆ ಬೆಸೆದ ಕಬ್ಬಿಣದ ತುಂಡು, ಅದಕ್ಕೊಂದು ಬೋಲ್ಟು. ಪಿಕಪ್ಪಿನೊಳಗೆ ಸಿಮೆಂಟು, ಸೆಂಟ್ರಿಂಗ್ ಶೀಟು, ಅದರ ಮೇಲೆ ಎಂಟು ಜನ. ಬಂಪರ್ ಭಾರ ಎಳೆಯಲು ಮಾಡಿದ್ದಲ್ಲ. ಕೊಂಡಿ ಚಾಸಿಗೆ ಕೂರಬೇಕು. ಪಿನ್ನಿಗೆ ಲಾಕ್ ಬೇಕು, ಪಿನ್ ಕಳಚಿದರೂ ಹಿಡಿದುಕೊಳ್ಳಲು ಅಡ್ಡಕ್ಕೆ ದಾಟಿಸಿ ಕಟ್ಟಿದ ಎರಡು ಸರಪಳಿ ಬೇಕು. ಇವು ಯಾವುವೂ ಇಲ್ಲದೆ ಸಂಜೆ ಕತ್ತಲಲ್ಲಿ ಮಾಲೂರು, ಬಂಗಾರಪೇಟೆ ರಸ್ತೆಗಳಲ್ಲಿ ಇವು ಸಾಗುವುದನ್ನು ಯಾರು ಬೇಕಾದರೂ ನೋಡಬಹುದು. ಮೋಟಾರು ವಾಹನ ಕಾಯ್ದೆಯ 2(28)ನೇ ಕಲಮಿನಲ್ಲಿ ಟ್ರೈಲರ್ ಕೂಡ ಮೋಟಾರು ವಾಹನವೇ. "ಅದು ಬರೀ ಮಿಷನ್ನು ಸಾರ್" ಎಂಬ ಉತ್ತರಕ್ಕೆ ಒಪ್ಪಬೇಡಿ.

ಮಾನ್ಯರೇ, ಕಾನೂನು ಸಡಿಲವಾಗಿಲ್ಲ. 194ನೇ ಕಲಮಿನಂತೆ ಓವರ್‌ಲೋಡ್‌ಗೆ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000, ಇಳಿಸುವ ಖರ್ಚು ಬೇರೆ. ತೂಕಕ್ಕೆ ಒಪ್ಪದೆ ಓಡಿಹೋದರೆ 40,000. ಆದರೆ ಅದೇ ಕಲಮು ಓಡಿಸಿದವನನ್ನು ಮಾತ್ರ ಹೇಳುವುದಿಲ್ಲ; ಓಡಿಸಲು ಕಾರಣನಾದವನನ್ನೂ, ಓಡಿಸಲು ಬಿಟ್ಟವನನ್ನೂ ಹೇಳುತ್ತದೆ. 113ನೇ ಕಲಮು ಇದು ಮಾಲೀಕನಿಗೆ ಗೊತ್ತಿದ್ದೇ ನಡೆದದ್ದು ಎಂದು ನ್ಯಾಯಾಲಯ ಭಾವಿಸಬಹುದು ಎನ್ನುತ್ತದೆ. ರಸ್ತೆಬದಿಯಲ್ಲಿ ಮಾತ್ರ ಚೀಟಿ ಹರಿಯುವುದು ಡ್ರೈವರ್ ಹೆಸರಿಗೇ. ಬ್ಲೇಡ್ ಹಾಕಿಸಿದ ಮಾಲೀಕ, ಬಾಕ್ಸಿನ ಲೆಕ್ಕದಲ್ಲಿ ಬಾಡಿಗೆ ಕಟ್ಟಿದ ಮಧ್ಯವರ್ತಿ, ಮಿತಿ ಮೀರಿ ತುಂಬಿಸಿ ಕಳಿಸಿದ ಕ್ವಾರಿ, ಇವರ ಹೆಸರು ಚೀಟಿಯಲ್ಲಿ ಬರುವುದೇ ಇಲ್ಲ. ಬ್ಲೇಡ್ ಹಾಕಿದ ಗ್ಯಾರೇಜಿನವರಾದ ನಮ್ಮದೂ ಇದರಲ್ಲಿ ಪಾಲಿದೆ, ಒಪ್ಪುತ್ತೇವೆ.

ಈಗ ನಮ್ಮ ಬೇಡಿಕೆ. ಎಲ್ಲಕ್ಕಿಂತ ಮೊದಲು, ಟೊಮೆಟೊ ಸಾಗಿಸುವ ಪ್ರತಿ ಪಿಕಪ್ಪಿನ ಎಡಬಾಗಿಲ ಮೇಲೆ ಬಾಕ್ಸಿನ ಲೆಕ್ಕ ಬರೆಸಿ. ಗ್ರಿಲ್ಲು, ಗಾರ್ಡು, ಟಾರ್ಪಲ್ಲು, ಹಗ್ಗ ಸಮೇತ ಖಾಲಿ ಗಾಡಿಯನ್ನು ವೇಬ್ರಿಡ್ಜಿಗೆ ಹತ್ತಿಸಿ ತೂಗಿ, ಆರ್‌ಸಿಯ ಒಟ್ಟು ತೂಕದಿಂದ ಅದನ್ನೂ ಜನರ ತೂಕವನ್ನೂ ಕಳೆದು, 17ರಿಂದ ಭಾಗಿಸಿ, ಬಂದ ಸಂಖ್ಯೆಯನ್ನು ಅಂಗೈ ಅಗಲದ ಅಕ್ಷರದಲ್ಲಿ ಬರೆಯಬೇಕು. ಗಾಡಿಗೆ ಒಂದು ಸಲ ಮಾಡಿದರೆ ಸಾಕು. ಆಮೇಲೆ ಪೊಲೀಸರೂ ಎಣಿಸಬಹುದು, ರೈತನೂ ಎಣಿಸಬಹುದು. ಹೆಚ್ಚಿಗೆ ಹೇರು ಎಂದವನಿಗೆ ಡ್ರೈವರ್ ಬಾಗಿಲು ತೋರಿಸಬಹುದು. ಕಲ್ಲು, ಜಲ್ಲಿ, ಎಂ ಸ್ಯಾಂಡ್ ಹೇರುವ ಗಾಡಿಗೆ ಬಾಡಿಯ ಒಳಗೋಡೆಗೆ ಕೆಂಪು ಗೆರೆ ಎಳೆಸಿ, ಒಂದೊಂದು ಮಾಲಿಗೆ ಒಂದೊಂದು ಎತ್ತರ.

ಕಲ್ಲಿನ ಗಾಡಿಯನ್ನು ಕ್ವಾರಿಯ ಬಾಯಲ್ಲೇ ತೂಗಬೇಕು, ಹೆದ್ದಾರಿಯಲ್ಲಿ ಅಲ್ಲ. 114ನೇ ಕಲಮಿನಂತೆ ಮುಂದಿನ ದಾರಿಯ 10 ಕಿಲೋಮೀಟರ್ ಒಳಗಿನ ತೂಕದ ಯಂತ್ರಕ್ಕೆ ಗಾಡಿಯನ್ನು ಒಯ್ಯಿಸುವ ಅಧಿಕಾರ ಇದೆ. ಯಾವ ರಸ್ತೆಯಲ್ಲಿ ಎಲ್ಲೆಲ್ಲಿ ವೇಬ್ರಿಡ್ಜ್ ಇದೆ ಎಂಬ ಪಟ್ಟಿ ತಪಾಸಣೆಗೆ ನಿಲ್ಲುವವರ ಜೇಬಿನಲ್ಲಿರಲಿ. ಚಕ್ರದ ಕೆಳಗೆ ಇಡುವ ಸಾಗಿಸಬಹುದಾದ ತೂಕದ ಪ್ಯಾಡುಗಳನ್ನು ಕೊಂಡರೆ ಇನ್ನೂ ಒಳ್ಳೆಯದು. ಅವು ಆಕ್ಸಲ್ ಲೆಕ್ಕ ಬೇರೆಬೇರೆಯಾಗಿ ಕೊಡುತ್ತವೆ.

ಹೆಚ್ಚಿನ ಮಾಲನ್ನು ಅಲ್ಲೇ ಇಳಿಸಿ ಎಂಬ ಆದೇಶ ಸರಿಯಾದದ್ದೇ, ಆದರೆ ಟೊಮೆಟೊ ಬಿಸಿಲಿಗೆ ಇಳಿಸಿದರೆ ಮುಗಿಯಿತು. ಹರಾಜಿನ ಹೊತ್ತು ತಪ್ಪಿದರೆ ನಷ್ಟ ರೈತನದು, ತಪ್ಪು ಬೇರೆಯವರದು. ತಪಾಸಣೆ ಮಾಡುವ ಕಡೆ ಒಂದು ಖಾಲಿ ಗಾಡಿ ನಿಲ್ಲಿಸಿ, ಹೆಚ್ಚಿನ ಬಾಕ್ಸನ್ನು ಅದಕ್ಕೆ ದಾಟಿಸಿ ಯಾರ್ಡಿಗೆ ಮುಟ್ಟಿಸಿ, ಬಾಡಿಗೆಯನ್ನು ಓವರ್‌ಲೋಡ್ ಮಾಡಿದ ಗಾಡಿಯ ಮಾಲೀಕನಿಂದ ವಸೂಲಿ ಮಾಡಿ. ಹಾಗೆಯೇ ಮಂಡಿ ವರ್ತಕರು, ರೈತರು, ಗಾಡಿಯವರನ್ನು ಒಟ್ಟಿಗೆ ಕೂರಿಸಿ ಬಾಕ್ಸಿನ ಬಾಡಿಗೆ ಬಿಟ್ಟು ಟ್ರಿಪ್ಪಿನ ಬಾಡಿಗೆ ಗೊತ್ತುಮಾಡಿಸಿ. ಇದು ಆಗದಿದ್ದರೆ ಮೇಲಿನದೆಲ್ಲ ನಾಲ್ಕು ದಿನದ ಮಾತು.

ಎಫ್‌ಸಿಗೆ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟಿಗೆ, ಬರುವ ಗಾಡಿಯ ಬಣ್ಣ, ರಿಫ್ಲೆಕ್ಟರ್ ಸ್ಟಿಕ್ಕರ್ ನೋಡುವಷ್ಟೇ ಶ್ರದ್ಧೆಯಿಂದ ಆರ್‌ಟಿಒ ಕಚೇರಿಯ ಬ್ರೇಕ್ ಇನ್‌ಸ್ಪೆಕ್ಟರ್ ಅವರು ಕೆಳಗೆ ಬಗ್ಗಿ ಬ್ಲೇಡ್ ಎಣಿಸಲಿ, ಲೋಡ್ ವಾಲ್ವಿನ ಸರಳು ಕೈಯಲ್ಲಿ ಆಡಿಸಿ ನೋಡಲಿ, ಟೈರಿನ ಅಂಕಿ ಓದಲಿ. ಕಂಪನಿ ಕೊಟ್ಟದ್ದಕ್ಕಿಂತ ಹೆಚ್ಚು ಬ್ಲೇಡ್ ಇದ್ದರೆ ತೆಗೆಸಿಯೇ ಎಫ್‌ಸಿ ಕೊಡಲಿ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಬರುವ ಗಾಡಿಗಳಿವು; ಐದು ನಿಮಿಷ ಹೆಚ್ಚಾದರೆ ನಷ್ಟವಿಲ್ಲ.

ಇದನ್ನೆಲ್ಲ ಒಂದೇ ದಿನ ಮಾಡಿ ಎನ್ನುವುದಿಲ್ಲ. ಈ ಸೀಸನ್ ಜೋರಾಗುವ ಮೊದಲು ಒಂದು ಬೆಳಿಗ್ಗೆ, ಹರಾಜಿಗೆ ಮುಂಚೆ, ಯಾರ್ಡಿನ ಗೇಟಿನಲ್ಲಿ ಬರುವ ಪಿಕಪ್‌ಗಳನ್ನೆಲ್ಲ ತೂಗಿಸಿ. ಅವತ್ತು ಯಾರಿಗೂ ದಂಡ ಬೇಡ, ಬರೀ ತೂಕ ಬರೆದುಕೊಳ್ಳಲಿ. ಬ್ಲೇಡ್ ಎಣಿಸಲು, ವಾಲ್ವ್ ನೋಡಲು ನಮ್ಮಲ್ಲಿ ನಾಲ್ಕು ಜನ ಮೆಕ್ಯಾನಿಕ್‌ಗಳು ಕೂಲಿ ಇಲ್ಲದೆ ಬರುತ್ತೇವೆ. ಟಾರ್ಚು, ಜ್ಯಾಕು, ಕೆಳಗೆ ಮಲಗಲು ಗೋಣಿಚೀಲ ನಾವೇ ತರುತ್ತೇವೆ. ದಿನ ತಿಳಿಸಿ.

ಇಂತಿ ತಮ್ಮ ವಿಶ್ವಾಸಿಗಳು,
ಕೋಲಾರ ಸುತ್ತಮುತ್ತಲಿನ ಪಿಕಪ್ ಚಾಲಕರು ಮತ್ತು ಗ್ಯಾರೇಜ್ ಕೆಲಸಗಾರರು